ಹರಿದದ್ದನ್ನು ಹೊಲಿಯುವ ಕೆಲಸ: ಲೂಯಿಸ್ ಬೂರ್ಜ್ವಾ ಶಿಲ್ಪಗಳ ಮುಂದೆ



‘ನಾನು ನರಕಕ್ಕೆ ಹೋಗಿ ಬಂದಿದ್ದೇನೆ. ಹೇಳುತ್ತೇನೆ ಕೇಳಿ, ಅದು ಸೊಗಸಾಗಿತ್ತು.’ ಇದು ಒಂದು ಶಿಲ್ಪ ಪ್ರದರ್ಶನದ ಹೆಸರು. ಟೋಕಿಯೊದ ಮೋರಿ ಆರ್ಟ್ ಮ್ಯೂಸಿಯಂನಲ್ಲಿ 2024ರ ಸೆಪ್ಟೆಂಬರ್ 25ರಿಂದ 2025ರ ಜನವರಿ 19ರವರೆಗೆ ಶಿಲ್ಪಿ ಲೂಯಿಸ್ ಬೂರ್ಜ್ವಾಳ ನೂರಕ್ಕೂ ಹೆಚ್ಚು ಕೃತಿಗಳನ್ನು ಈ ಹೆಸರಿನಡಿ ಇಟ್ಟಿದ್ದರು. ಜಪಾನಿನಲ್ಲಿ ಆಕೆಯ ಕೆಲಸವನ್ನು ಇಷ್ಟು ವಿಸ್ತಾರವಾಗಿ ತೋರಿಸಿದ್ದು 27 ವರ್ಷಗಳ ಮೇಲೆ. ಹೆಸರು ಪ್ರದರ್ಶನದ ಆಯೋಜಕರು ಕಟ್ಟಿದ್ದಲ್ಲ, ಕಲಾವಿದೆಯದೇ. 1996ರಲ್ಲಿ ಆಕೆ ಒಂದು ಕರವಸ್ತ್ರದ ಮೇಲೆ ಈ ಮಾತನ್ನು ದಾರದಲ್ಲಿ ಕಸೂತಿ ಮಾಡಿದ್ದಳು. ಆಗ ಆಕೆಗೆ 84 ವರ್ಷ. ಕಣ್ಣೀರು ಒರೆಸಿಕೊಳ್ಳುವ ಬಟ್ಟೆಯ ಮೇಲೆ, ಕೈಹಿಡಿಯಷ್ಟು ಜಾಗದಲ್ಲಿ, ನರಕದ ವರದಿ. ಕಂಚು, ಉಕ್ಕು, ಅಮೃತಶಿಲೆಗಳಲ್ಲಿ ಆಳೆತ್ತರದ ಕೃತಿಗಳನ್ನು ಮಾಡಿದ ಹೆಂಗಸು ಇದನ್ನು ಹೇಳುವುದಕ್ಕೆ ಸೂಜಿಯನ್ನು ಆರಿಸಿಕೊಂಡಳು. ಯಾಕೆ ಸೂಜಿ ಎಂದು ಕೇಳುತ್ತ ಹೋದರೆ ಆಕೆಯ ಇಡೀ ಶಿಲ್ಪಜೀವನ ತೆರೆದುಕೊಳ್ಳುತ್ತದೆ.

ಮನಸ್ಸಿನ ತಳಮಳ ಮತ್ತು ಅದರ ಶಮನ ಎಂಬುದು ಇವತ್ತಿನ ಉಪನ್ಯಾಸಕ್ಕೆ ಕೊಟ್ಟ ವಿಷಯ. ಹತ್ತಾರು ಕಲಾವಿದರ ಹೆಸರು ಹೇಳುತ್ತ ಹೋಗಬಹುದಿತ್ತು. ಒಬ್ಬಳನ್ನೇ ಹಿಡಿದುಕೊಂಡೆ. ‘ಕಲೆ ನೋವನ್ನು ವಾಸಿ ಮಾಡುತ್ತದೆ’ ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವಲ್ಲ, ಆ ಮಾತನ್ನು ಆಕೆಯ ಕೆಲಸದ ಮುಂದೆ ನಿಂತು ಹೇಳುವುದು ಕಷ್ಟ. ವಾಸಿಯಾದ ಗಾಯ ಆಕೆಯಲ್ಲಿ ನನಗೆ ಎಲ್ಲಿಯೂ ಕಾಣುವುದಿಲ್ಲ. ಕಾಣುವುದು ಎಪ್ಪತ್ತು ವರ್ಷ ಬಿಡದೆ ನಡೆದ ದುರಸ್ತಿ. ಇವತ್ತು ಹೊಲಿದದ್ದು ನಾಳೆ ಬಿಚ್ಚಿಕೊಳ್ಳುತ್ತದೆ, ನಾಡಿದ್ದು ಮತ್ತೆ ಹೊಲಿಯಬೇಕಾಗುತ್ತದೆ. ಈ ದುರಸ್ತಿಯನ್ನು ಆಕೆ ಕಲಾಶಾಲೆಯಲ್ಲಿ ಕಲಿಯಲಿಲ್ಲ, ಮನಃಶಾಸ್ತ್ರದ ಪುಸ್ತಕದಲ್ಲಿಯೂ ಕಲಿಯಲಿಲ್ಲ. ಅದು ಆಕೆಯ ಮನೆಯ ಕಸುಬಾಗಿತ್ತು.

ಬೂರ್ಜ್ವಾ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1911ರ ಡಿಸೆಂಬರ್ 25ರಂದು. ತಂದೆ ತಾಯಿ ಹಳೆಯ ಟ್ಯಾಪೆಸ್ಟ್ರಿಗಳ ವ್ಯಾಪಾರಿಗಳು. ಟ್ಯಾಪೆಸ್ಟ್ರಿ ಎಂದರೆ ಗೋಡೆಯ ಉದ್ದಕ್ಕೂ ತೂಗುಹಾಕುವ ಚಿತ್ರನೇಯ್ಗೆ. ಬೇಟೆ, ಉದ್ಯಾನ, ಪುರಾಣದ ದೇವತೆಗಳು ಎಲ್ಲವೂ ಬಣ್ಣದ ನೂಲಿನಲ್ಲೇ ಮೂಡಿರುತ್ತವೆ. ತಂದೆ ಊರೂರು ಅಲೆದು ಹಳೆಯ, ಹರಿದ ನೇಯ್ಗೆಗಳನ್ನು ಕೊಂಡು ತರುತ್ತಿದ್ದ. ಪ್ಯಾರಿಸ್‌ನ ಅಂಗಡಿಯಲ್ಲಿ ಮಾರುವವನೂ ಅವನೇ. ತಂದದ್ದನ್ನು ಸರಿಪಡಿಸುವ ಕಾರ್ಖಾನೆ ನಡೆಸುತ್ತಿದ್ದವಳು ತಾಯಿ ಜೋಸೆಫಿನ್. ಮೊದಲು ಶ್ವಾಜಿ-ಲ-ರ್ವಾ ಎಂಬಲ್ಲಿ, ಆಮೇಲೆ ಆಂತೊನಿಯಲ್ಲಿ, ಬಿಯೆವ್ರ್ ನದಿಯ ದಂಡೆಯ ಮೇಲೆ ಮನೆ. ನದಿಯ ನೀರಿನಲ್ಲಿ ಟ್ಯಾನಿನ್ ಅಂಶ ಇದ್ದದ್ದರಿಂದ ಬಣ್ಣ ಹಾಕುವ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

ಗೋಡೆಗೆ ತೂಗುವ ನೇಯ್ಗೆ ಮೊದಲು ಸವೆಯುವುದು ಕೆಳಗಡೆ. ನೆಲದ ತೇವ, ಎಳೆದಾಟ, ತಿಕ್ಕಾಟ ಎಲ್ಲವೂ ಅಲ್ಲಿಯೇ. ಆದ್ದರಿಂದ ಕಾರ್ಖಾನೆಗೆ ಬರುವ ಟ್ಯಾಪೆಸ್ಟ್ರಿಗಳಲ್ಲಿ ರಾಜನಿಗೆ ಮುಖ ಇರುತ್ತಿತ್ತು, ಕಾಲು ಇರುತ್ತಿರಲಿಲ್ಲ. ಕುದುರೆಗೆ ಮೈ ಇರುತ್ತಿತ್ತು, ಗೊರಸು ಇರುತ್ತಿರಲಿಲ್ಲ. ಹೋದ ಭಾಗವನ್ನು ಮತ್ತೆ ನೇಯಬೇಕಾದರೆ ಮೊದಲು ಯಾರಾದರೂ ಅದನ್ನು ಬರೆದು ಕೊಡಬೇಕು. ಇನ್ನೂ ಶಾಲೆಗೆ ಹೋಗುತ್ತಿದ್ದ ಲೂಯಿಸ್‌ಗೆ ಆ ಕೆಲಸ ಬಿತ್ತು. ಪಾದ ಬರೆಯುವುದರಲ್ಲಿ ತಾನು ಪಳಗಿದವಳಾಗಿಬಿಟ್ಟೆ ಎಂದು ಆಕೆ ಮುಂದೆ ಹೇಳಿಕೊಳ್ಳುತ್ತಿದ್ದಳು. ಶಿಲ್ಪ ವಿಭಾಗದ ವಿದ್ಯಾರ್ಥಿಗಳಾದ ನೀವು ಇದನ್ನು ಸ್ವಲ್ಪ ಗಮನಿಸಬೇಕು. ಇಲ್ಲದ್ದನ್ನು ಇರುವುದರಿಂದ ಊಹಿಸಿ ಜೋಡಿಸುವುದು ಆಕೆಯ ಮೊದಲ ಕಲಾಪಾಠ. ಖಾಲಿ ಕಾಗದದ ಮುಂದೆ ಕೂತು ಆಕೆ ಕಲೆ ಶುರುಮಾಡಲಿಲ್ಲ. ತೂತಿನ ಮುಂದೆ ಕೂತು ಶುರುಮಾಡಿದಳು.

ಅದೇ ಕಾರ್ಖಾನೆಯ ಇನ್ನೊಂದು ಸಂಗತಿಯನ್ನೂ ಆಕೆ ಹೇಳುತ್ತಿದ್ದಳು. ಅಮೆರಿಕದ ಗಿರಾಕಿಗಳಿಗೆ ನೇಯ್ಗೆಯಲ್ಲಿನ ಬೆತ್ತಲೆ ಮನ್ಮಥ ಶಿಶುಗಳನ್ನು ಕಂಡರೆ ಮುಜುಗರ. ತಾಯಿ ಆ ಭಾಗಗಳನ್ನು ನಾಜೂಕಾಗಿ ಕತ್ತರಿಸಿ ತೆಗೆದು ಅಲ್ಲಿ ಹೂ ಕೂರಿಸುತ್ತಿದ್ದಳು. ಕೇಳುವಾಗ ನಗು ಬರುತ್ತದೆ. ಆದರೆ ದುರಸ್ತಿಗೆ ಮುಚ್ಚಿಡುವ ಗುಣವೂ ಇದೆ ಎಂಬುದನ್ನು ಈ ಮಗು ಕಣ್ಣಾರೆ ಕಂಡಿತು, ಅದೂ ಎಂಥ ಮನೆಯಲ್ಲಿ! ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದು ಮನೆಯಲ್ಲೇ ಉಳಿದ ತರುಣಿ ತಂದೆಯ ಪ್ರೇಯಸಿಯೂ ಆಗಿದ್ದಳು. ವರ್ಷಗಟ್ಟಲೆ ಅದು ನಡೆಯಿತು. ತಾಯಿಗೆ ಗೊತ್ತಿತ್ತು. ಮಕ್ಕಳಿಗೂ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಊಟದ ಮೇಜಿನ ಸುತ್ತ ಎಲ್ಲರೂ ಕೂತು ಉಣ್ಣುತ್ತಿದ್ದರು. 1932ರಲ್ಲಿ ತಾಯಿ ತೀರಿಕೊಂಡಳು. ಲೂಯಿಸ್ ಆಗ ಸೊರ್ಬಾನ್‌ನಲ್ಲಿ ಗಣಿತ ಓದಲು ತೊಡಗಿದ್ದಳು. ರೇಖಾಗಣಿತದ ನಿಯಮ ಯಾರ ಮನಸ್ಸಿಗೆ ತಕ್ಕಂತೆಯೂ ಬದಲಾಗುವುದಿಲ್ಲ ಎಂಬುದು ಆಕೆಗೆ ಅದರಲ್ಲಿ ಸಿಕ್ಕ ನೆಮ್ಮದಿ. ತಾಯಿಯ ಸಾವಿನ ಮೇಲೆ ಗಣಿತವನ್ನು ಬಿಟ್ಟು ಕಲೆಗೆ ಬಂದಳು. ಚಿತ್ರಕಲಾವಿದ ಫೆರ್ನಾಂ ಲೆಜೆ ಆಕೆಯ ರೇಖಾಚಿತ್ರಗಳನ್ನು ನೋಡಿ, ನೀನು ಚಿತ್ರಕಾರ್ತಿಯಲ್ಲ, ಶಿಲ್ಪಿ ಎಂದದ್ದು ಆ ವರ್ಷಗಳಲ್ಲಿಯೇ.

ಮನೆಯ ಈ ಗುಟ್ಟನ್ನು ಆಕೆ ಲೋಕದ ಮುಂದೆ ಇಟ್ಟದ್ದು 1982ರಲ್ಲಿ. ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಆಕೆಯ ಸಿಂಹಾವಲೋಕನ ಪ್ರದರ್ಶನ ಏರ್ಪಡಿಸಿದ ವರ್ಷ ಅದು. ಆಗಲೇ ಎಪ್ಪತ್ತು ದಾಟಿದ್ದ ಆಕೆ ಒಂದು ಕಲಾಪತ್ರಿಕೆಯಲ್ಲಿ ಹಳೆಯ ಮನೆಯ ಫೋಟೋಗಳ ಜೊತೆಗೆ ಈ ಕಥೆಯನ್ನು ಅಚ್ಚುಹಾಕಿಸಿದಳು. ಅಲ್ಲಿಂದ ಮುಂದೆ ಆಕೆಯ ಪ್ರತಿಯೊಂದು ಕೃತಿಗೂ ಇದೇ ಬೀಗದಕೈ ಎಂಬಂತೆ ಬರೆದವರು ಬಹಳ. ನನಗೆ ಆ ಓದು ಸಾಲದು. ತಂದೆ ಮಾಡಿದ ದ್ರೋಹ ಎಷ್ಟೋ ಮನೆಗಳಲ್ಲಿ ನಡೆದದ್ದೇ. ಹರಿದ ನೇಯ್ಗೆಯ ಮುಂದೆ ಕೂತು ಕಾಲು ಬರೆದ ಬಾಲ್ಯ ಮಾತ್ರ ಎಲ್ಲರಿಗೂ ಸಿಗುವುದಿಲ್ಲ. ಗಾಯ ಮತ್ತು ಕಸುಬು ಎರಡೂ ಒಂದೇ ಸೂರಿನಡಿ ಸಿಕ್ಕವು ಎಂಬುದು ಆಕೆಯ ವಿಶೇಷ.

1938ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ರಾಬರ್ಟ್ ಗೋಲ್ಡ್‌ವಾಟರ್‌ನನ್ನು ಮದುವೆಯಾಗಿ ನ್ಯೂಯಾರ್ಕ್‌ಗೆ ಹೋದಳು. ಮೂವರು ಗಂಡುಮಕ್ಕಳು. ತಾವಿದ್ದ ಕಟ್ಟಡದ ತಾರಸಿಯ ಮೇಲೆ ಮರದ ಎತ್ತರದ ಕಂಬಗಳಂಥ ಆಕೃತಿಗಳನ್ನು ಕೆತ್ತತೊಡಗಿದಳು. ಒಂದೊಂದೂ ಫ್ರಾನ್ಸಿನಲ್ಲಿ ಬಿಟ್ಟು ಬಂದ ಒಬ್ಬೊಬ್ಬ ಮನುಷ್ಯ. 1949ರಲ್ಲಿ ಪೆರಿಡಾಟ್ ಗ್ಯಾಲರಿಯಲ್ಲಿ ಅವನ್ನು ಪೀಠವಿಲ್ಲದೆ ನೇರ ನೆಲಕ್ಕೆ ನಿಲ್ಲಿಸಿದಳು. ನೋಡುವವರು ಅವುಗಳ ನಡುವೆ, ಬಂಧುಗಳ ಗುಂಪಿನ ನಡುವೆ ಹಾದಂತೆ, ಹಾದುಹೋಗಬೇಕಿತ್ತು.

1951ರಲ್ಲಿ ತಂದೆ ಸತ್ತ. ಆಕೆ ಕುಸಿದಳು. ತಾನು ದ್ವೇಷಿಸಿದೆ ಎಂದುಕೊಂಡವನ ಸಾವು ಯಾಕೆ ತನ್ನನ್ನು ಹೀಗೆ ಮಲಗಿಸಿತು ಎಂಬ ಪ್ರಶ್ನೆ ಆಕೆಯನ್ನು ಮನೋವಿಶ್ಲೇಷಕರ ಬಳಿಗೆ ಒಯ್ದಿತು. ಹೆನ್ರಿ ಲೋವೆನ್‌ಫೆಲ್ಡ್ ಎಂಬ ವೈದ್ಯರ ಬಳಿ 1952ರಲ್ಲಿ ಶುರುವಾದ ಚಿಕಿತ್ಸೆ, ನಡುನಡುವೆ ಬಿಟ್ಟರೂ, ಅವರು ತೀರಿಕೊಂಡ 1985ರವರೆಗೆ ಮುಂದುವರಿಯಿತು. ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿಡಿ: 1953 ಮತ್ತು 1964ರ ನಡುವೆ ನ್ಯೂಯಾರ್ಕ್‌ನಲ್ಲಿ ಆಕೆಯ ಒಂದು ಏಕವ್ಯಕ್ತಿ ಪ್ರದರ್ಶನವೂ ನಡೆಯಲಿಲ್ಲ. ಕಲಾವಿದೆಯ ಪರಿಚಯಪತ್ರದಲ್ಲಿ ಆ ಹನ್ನೊಂದು ವರ್ಷ ಬಹುಮಟ್ಟಿಗೆ ಖಾಲಿ ಕಾಣುತ್ತವೆ. ಆ ಖಾಲಿಯಲ್ಲಿ ಏನಿತ್ತು ಎಂಬುದು ಗೊತ್ತಾದದ್ದು ಬಹಳ ತಡವಾಗಿ. 2004ರಲ್ಲಿ ಆಕೆಯ ಮನೆಯಲ್ಲಿ ಎರಡು ಪೆಟ್ಟಿಗೆ, 2010ರಲ್ಲಿ ಮತ್ತೆರಡು ಪೆಟ್ಟಿಗೆ ಸಿಕ್ಕವು. ಬಿಡಿ ಹಾಳೆಗಳಲ್ಲಿ ಕನಸು, ಕೋಪ, ಭಯ, ಪಟ್ಟಿಗಳು. ಚಿಕಿತ್ಸೆಯ ಕಾಲದಲ್ಲಿ ಬರೆದಿಟ್ಟ ಸಾವಿರದಷ್ಟು ಹಾಳೆಗಳು. ಕೆಲಸ ನಿಂತಿರಲಿಲ್ಲ, ಕಣ್ಣಿಗೆ ಕಾಣದ ಕಡೆ ನಡೆದಿತ್ತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳುವುದು ನನ್ನ ಕರ್ತವ್ಯ. ನಮ್ಮ ಮನೆಗಳಲ್ಲಿ ಮನಸ್ಸಿನ ಡಾಕ್ಟರ ಬಳಿ ಹೋಗುವುದೆಂದರೆ ಇನ್ನೂ ಪಕ್ಕದ ಮನೆಯವರಿಗೆ ಕಾಣದಂತೆ ಹೋಗಬೇಕಾದ ಸಂಗತಿ. ಕಲಾಶಾಲೆಗಳಲ್ಲಿ ಇನ್ನೊಂದು ತೊಡಕಿದೆ. ತಳಮಳ ಇದ್ದರೇ ಕಲೆ ಹುಟ್ಟುವುದು, ಅದನ್ನು ಕಳೆದುಕೊಂಡರೆ ಕಲೆಯೂ ಹೋಯಿತು ಎಂದು ನಂಬುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಬೂರ್ಜ್ವಾಳ ಬದುಕನ್ನು ತೋರಿಸುತ್ತೇನೆ. ಮೂರು ದಶಕ ವೈದ್ಯರ ಮುಂದೆ ಕೂತವಳು ಆಕೆ, ಕೈ ಬರಿದಾಗಲಿಲ್ಲ. ಕಲೆಯನ್ನು ವೈದ್ಯಕ್ಕೆ ಬದಲಿ ಎಂದು ಆಕೆ ಭಾವಿಸಲಿಲ್ಲ. ವೈದ್ಯವನ್ನೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ತನ್ನ ಮೇಜಿನ ಮೇಲೆ ಜೋಡಿಸಿಟ್ಟುಕೊಂಡಿದ್ದ ಪ್ರಾಚೀನ ಮೂರ್ತಿಗಳ ಬಗ್ಗೆ 1990ರಲ್ಲಿ ಒಂದು ಲೇಖನ ಬರೆದು, ಕಲಾವಿದರ ಸಂಕಟಕ್ಕೆ ಫ್ರಾಯ್ಡ್‌ನಿಂದ ಆದದ್ದು ಏನೂ ಇಲ್ಲ ಎಂದು ಖಡಾಖಂಡಿತ ಹೇಳಿದಳು. ಎರಡೂ ಮಾತು ಒಬ್ಬಳಲ್ಲೇ ನಿಂತಿದ್ದವು.

ಈಗ ಕೃತಿಗಳಿಗೆ ಬರೋಣ. ಎಲ್ಲವನ್ನೂ ವಿವರಿಸುವ ಆಸೆ ಇಲ್ಲ, ಕೆಲವನ್ನು ಹತ್ತಿರದಿಂದ ನೋಡೋಣ.

1973ರಲ್ಲಿ ಗಂಡ ತೀರಿಕೊಂಡ. ಮರುವರ್ಷ ‘ತಂದೆಯ ನಾಶ’ ಬಂತು. ಗವಿಯಂತೆ, ಊಟದ ಕೋಣೆಯಂತೆ, ಹಾಸಿಗೆಯಂತೆ ಮೂರೂ ಆಗಿ ಕಾಣುವ ಒಂದು ಗೂಡು. ಒಳಗೆ ಕೆಂಪು ದೀಪ. ಮೇಲಿನಿಂದ ಕೆಳಗಿನಿಂದ ಉಬ್ಬಿಕೊಂಡ ದುಂಡು ಗಡ್ಡೆಗಳು. ನಡುವೆ ಮೇಜು, ಮೇಜಿನ ಮೇಲೆ ತುಂಡುಗಳು. ಆ ತುಂಡುಗಳಿಗಾಗಿ ಆಕೆ ಮಾಂಸದಂಗಡಿಯಿಂದ ಕುರಿಯ ಮುಂಗಾಲಿನ ತುಂಡು, ಕೋಳಿಕಾಲು ತಂದು ಅವುಗಳಿಂದಲೇ ಅಚ್ಚು ತೆಗೆದಳು, ಆಮೇಲೆ ಲೇಟೆಕ್ಸ್. ಕಥೆ ಆಕೆಯೇ ಹೇಳಿದ್ದು: ಊಟದ ಹೊತ್ತಿಗೆ ತನ್ನ ಬಡಾಯಿಯನ್ನು ನಿಲ್ಲಿಸದ ಅಪ್ಪ, ಕೇಳಿ ಕೇಳಿ ರೋಸಿಹೋದ ಹೆಂಡತಿ ಮಕ್ಕಳು, ಒಂದು ದಿನ ಅವನನ್ನೇ ಮೇಜಿನ ಮೇಲೆ ಕೆಡವಿ, ತುಂಡು ಮಾಡಿ, ತಿಂದು ಮುಗಿಸುತ್ತಾರೆ.

ಶಮನದ ಮಾತಾಡುವವರು ಈ ಕೃತಿಯ ಮುಂದೆ ಬೇಗ ಬೇಗ ಹೆಜ್ಜೆ ಹಾಕುವುದನ್ನು ಕಂಡಿದ್ದೇನೆ. ನಿಲ್ಲಬೇಕು. ಆಕೆಯ ದುರಸ್ತಿ ನಂಬಿಕೆಗೆ ಯೋಗ್ಯವಾಗುವುದೇ ಈ ಕೋಪದಿಂದ. ಹರಿದದ್ದು ಎಷ್ಟು, ಹರಿದವರು ಯಾರು ಎಂದು ಹೇಳದೆ ಹಾಕಿದ ಹೊಲಿಗೆ ತಾಯಿ ಕೂರಿಸಿದ ಹೂವಿನ ಜಾತಿಯದು. ಬೂರ್ಜ್ವಾ ಆ ಹೂವನ್ನು ಕಿತ್ತು, ಅಡಿಯಲ್ಲಿದ್ದದ್ದನ್ನು ತೋರಿಸಿದಳು. ಹಾಗೆಂದು ಈ ಒಂದು ಕೃತಿಯಿಂದ ತಂದೆಯ ಲೆಕ್ಕ ತೀರಿತು ಎಂದುಕೊಳ್ಳಬೇಡಿ. ಇಪ್ಪತ್ತು ವರ್ಷಗಳ ಮೇಲೆ, 1994ರಲ್ಲಿ, ಹಳೆಯ ಬಾಗಿಲುಗಳನ್ನು ಸುತ್ತ ನಿಲ್ಲಿಸಿ ‘ಕೆಂಪು ಕೋಣೆ’ಗಳನ್ನು ಕಟ್ಟಿದಾಗ ಒಂದು ಕೋಣೆ ಅಪ್ಪ ಅಮ್ಮನ ಮಲಗುವ ಮನೆಯೇ. ಇನ್ನೊಂದು ಮಗುವಿನದು, ಅದರ ತುಂಬ ನೂಲಿನ ಉಂಡೆ, ಕೆಂಪು ದಾರ.

ಬಾಗಿಲು, ತಂತಿಜಾಲರಿ, ಗಾಜುಗಳಿಂದ ಆವರಿಸಿದ ಇಂಥ ಕೋಣೆಗಳನ್ನು ಆಕೆ ‘ಸೆಲ್’ ಎಂದು ಕರೆದಳು. 1980ರಿಂದ ಬ್ರೂಕ್ಲಿನ್‌ನ ಹಳೆಯ ಬಟ್ಟೆ ಕಾರ್ಖಾನೆಯೊಂದು ಆಕೆಯ ಕಾರ್ಯಾಗಾರವಾಗಿತ್ತು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅಷ್ಟು ವಿಶಾಲ ಜಾಗ ಸಿಕ್ಕಮೇಲೆ, ಕೃತಿಗಳೂ ಕೋಣೆಯಷ್ಟಾದವು. ಅವುಗಳಲ್ಲಿ ನನಗೆ ಮುಖ್ಯವಾದದ್ದು 1990ರಿಂದ 1993ರ ನಡುವೆ ಮಾಡಿದ ‘ಸೆಲ್ (ಶ್ವಾಜಿ)’. ಬಾಲ್ಯದ ಆ ಮನೆಯನ್ನು ಗುಲಾಬಿ ಅಮೃತಶಿಲೆಯಲ್ಲಿ, ಕಿಟಕಿ ಕಿಟಕಿಯನ್ನೂ ಬಿಡದೆ ಕೆತ್ತಿ ಜಾಲರಿಯ ಒಳಗೆ ಇಟ್ಟಿದ್ದಾಳೆ. ಮೇಲೆ ಗಿಲೊಟಿನ್ ಅಲಗು. ಮನೆಯ ಮೇಲಿನ ಪ್ರೀತಿ ಅಷ್ಟು ಸೂಕ್ಷ್ಮವಾದ ಕೆತ್ತನೆಯಲ್ಲಿದೆ, ಅದರಿಂದ ಬಿಡಿಸಿಕೊಳ್ಳಬೇಕೆಂಬ ತವಕ ಆ ಅಲಗಿನಲ್ಲಿದೆ. ಎರಡರಲ್ಲಿ ಒಂದನ್ನು ಆರಿಸಿ ಎಂದು ಆಕೆ ನಮ್ಮನ್ನು ಕೇಳುವುದಿಲ್ಲ. ಅಲಗು ಇನ್ನೂ ಬಿದ್ದಿಲ್ಲ.

ಅದೇ 1993ರ ಇನ್ನೊಂದು ಕೃತಿ ‘ಉನ್ಮಾದದ ಕಮಾನು’. ಹೊಳಪು ಕೊಟ್ಟ ಕಂಚಿನ ದೇಹ, ಸುಮಾರು ಒಂದು ಮೀಟರ್ ಉದ್ದ. ಬೆನ್ನು ಹಿಂದಕ್ಕೆ ಬಾಗಿ ಬೆರಳು ಹಿಮ್ಮಡಿಯನ್ನು ಮುಟ್ಟುವಷ್ಟು ಬಿಲ್ಲಾಗಿದೆ. ತಲೆಯಿಲ್ಲ. ಹೊಕ್ಕುಳ ಬಳಿ ಒಂದೇ ತಂತಿಯಲ್ಲಿ ತೂಗುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್‌ನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಪ್ರಖ್ಯಾತ ವೈದ್ಯ ಉನ್ಮಾದದ ರೋಗಿಗಳನ್ನು ವಿದ್ಯಾರ್ಥಿಗಳ ಎದುರು ತೋರಿಸುತ್ತಿದ್ದ. ಅವರ ಫೋಟೋಗಳನ್ನು ತೆಗೆಸಿ ಅಚ್ಚುಹಾಕಿಸುತ್ತಿದ್ದ. ಹೀಗೆ ಬಿಲ್ಲಿನಂತೆ ಬಾಗಿದ ಮೈ ಆ ರೋಗದ ಗುರುತಾಗಿ ಪುಸ್ತಕಗಳಲ್ಲಿ ಉಳಿಯಿತು. ಆ ಚಿತ್ರಗಳಲ್ಲಿ ಹೆಚ್ಚಾಗಿ ಇದ್ದವರು ಹೆಂಗಸರು. ಬೂರ್ಜ್ವಾ ಅದೇ ಭಂಗಿಯನ್ನು ಗಂಡಸಿನ ಮೈಗೆ ಕೊಟ್ಟಳು. ತನ್ನ ಸಹಾಯಕ ಜೆರ್ರಿ ಗೊರೊವಾಯ್‌ನ ದೇಹದಿಂದಲೇ ಅಚ್ಚು ತೆಗೆದಳು. ಸಂಕಟಕ್ಕೆ ಹೆಣ್ಣು ಎಂಬ ವಿಳಾಸ ಬರೆದಿಟ್ಟ ಒಂದು ಶತಮಾನಕ್ಕೆ ಇದಕ್ಕಿಂತ ಶಾಂತವಾದ ಉತ್ತರ ನನಗೆ ಗೊತ್ತಿಲ್ಲ. ಕಂಚಿನ ಹೊಳಪಿನಲ್ಲಿ ನೋಡಲು ಬಂದವನ ಮುಖವೂ ಉಬ್ಬಿ, ತಗ್ಗಿ, ಬಾಗಿ ಕಾಣುತ್ತದೆ. ರೋಗಿಯನ್ನು ನೋಡುವ ಸುರಕ್ಷಿತ ಜಾಗ ಆ ಕೋಣೆಯಲ್ಲಿ ಯಾರಿಗೂ ಇಲ್ಲ.

ಆಕೆಯ ಜೇಡವನ್ನು ನೀವು ಫೋಟೋಗಳಲ್ಲಾದರೂ ನೋಡಿರುತ್ತೀರಿ. ‘ಮಾಮಾಂ’, ಅಂದರೆ ಅಮ್ಮ. 1999ರ ಕೃತಿ, ಒಂಬತ್ತು ಮೀಟರಿಗೂ ಮೇಲೆ ಎತ್ತರ. 2000ದಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಬಾಗಿಲು ತೆರೆದಾಗ ಅದರ ಟರ್ಬೈನ್ ಹಾಲ್‌ನಲ್ಲಿ ಮೊದಲು ನಿಂತದ್ದು ಇದೇ. ಅದರ ಕಂಚಿನ ಎರಕಗಳು ಒಟಾವಾ, ಬಿಲ್ಬಾವೊ ಮೊದಲಾದ ಕಡೆ ಇವೆ. ಟೋಕಿಯೊದಲ್ಲಿ ಮೋರಿ ಮ್ಯೂಸಿಯಂ ಇರುವ ಗೋಪುರದ ಬುಡದಲ್ಲೇ ಒಂದಿದೆ, ಆಫೀಸಿಗೆ ಹೋಗುವವರು ಅದರ ಕಾಲುಗಳ ನಡುವೆ ನುಸುಳಿ ಹೋಗುತ್ತಾರೆ. ಕೆಳಗೆ ನಿಂತು ತಲೆ ಎತ್ತಿದರೆ ಹೊಟ್ಟೆಯ ಜಾಲರಿಯಲ್ಲಿ ಅಮೃತಶಿಲೆಯ ಮೊಟ್ಟೆಗಳು. ಜೇಡ ಎಂದರೆ ಮೈ ಜುಮ್ಮೆನ್ನುವವರಿಗೆ ಅಮ್ಮ ಎಂಬ ಹೆಸರು ವಿಚಿತ್ರ. ಆಕೆ ಕಂಡದ್ದೇ ಬೇರೆ. ಬಲೆಯನ್ನು ಕಿತ್ತುಹಾಕಿದರೆ ಜೇಡ ಸಿಟ್ಟಾಗುವುದಿಲ್ಲ, ಮತ್ತೆ ನೇಯಲು ಕೂರುತ್ತದೆ. ಆಂತೊನಿಯ ಕಾರ್ಖಾನೆಯಲ್ಲಿ ಹರಿದ ಟ್ಯಾಪೆಸ್ಟ್ರಿಯ ಮುಂದೆ ಕೂತಿದ್ದ ಜೋಸೆಫಿನ್ ಹಾಗೆಯೇ ಇದ್ದಳು. ಟೇಟ್‌ನಲ್ಲಿ ಜೇಡದ ಜೊತೆಗೆ ಮೂರು ಉಕ್ಕಿನ ಗೋಪುರಗಳನ್ನೂ ನಿಲ್ಲಿಸಿದ್ದರು. ಹೆಸರು ‘ಮಾಡುತ್ತೇನೆ’, ‘ಬಿಚ್ಚುತ್ತೇನೆ’, ‘ಮತ್ತೆ ಮಾಡುತ್ತೇನೆ’. ಜೇಡದ ಖ್ಯಾತಿಯ ನೆರಳಿನಲ್ಲಿ ಈ ಗೋಪುರಗಳನ್ನು ಜನ ಮರೆತರು. ಆಕೆಯ ಕೆಲಸದ ಕ್ರಮವನ್ನು ಆಕೆಯೇ ಬರೆದಿಟ್ಟದ್ದು ಅವುಗಳ ಮೇಲೆ. ನಡುವಿನ ಹೆಸರನ್ನು ಬಿಟ್ಟು ಮೊದಲಿನದರಿಂದ ಕೊನೆಯದಕ್ಕೆ ಹಾರುವ ದಾರಿ ಆಕೆಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಿಂದ ಆಕೆ ಬೀರು ತೆರೆದಳು. ಬದುಕಿಡೀ ಎಸೆಯದೆ ಇಟ್ಟುಕೊಂಡಿದ್ದ ಉಡುಪುಗಳು, ಅಮ್ಮನ ಬಟ್ಟೆಗಳು, ಮೇಜಿನ ವಸ್ತ್ರಗಳು ಹೊರಗೆ ಬಂದವು. ಕೆಲವನ್ನು ದನದ ಎಲುಬುಗಳನ್ನೇ ಹ್ಯಾಂಗರು ಮಾಡಿ ತೂಗುಹಾಕಿದಳು. ಕೆಲವನ್ನು ಕತ್ತರಿಸಿ ಬಟ್ಟೆಯ ತಲೆಗಳನ್ನು, ಅಪ್ಪಿಕೊಂಡ ಜೋಡಿಗಳನ್ನು ಹೊಲಿದಳು. ಮದುವೆಗೆಂದು ತಂದು ತನ್ನ ಹೆಸರಿನ ಅಕ್ಷರ ಹಾಕಿಸಿದ್ದ ಲಿನನ್ ವಸ್ತ್ರಗಳನ್ನು ಪುಟಗಳಾಗಿ ಮಾಡಿ 2002ರಲ್ಲಿ ಒಂದು ಬಟ್ಟೆಯ ಪುಸ್ತಕ ಹೊಲಿದಳು, ಮರೆವಿಗೆ ಅರ್ಪಿಸಿದ ಪುಸ್ತಕ ಅದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರನ್ನು ನೋಡಿದವರಿಗೆ ಈ ಕೃತಿಗಳಿಗೆ ಪೀಠಿಕೆ ಬೇಕಾಗುವುದಿಲ್ಲ. ಯಾವ ತುಂಡು ಯಾರ ಸೀರೆಯದು, ಯಾವ ಅಂಗಿ ಯಾರು ತೀರಿಕೊಂಡ ವರ್ಷದ್ದು ಎಂದು ಕೌದಿ ಹೊಲಿಯುವ ಕೈಗೆ ಗೊತ್ತಿರುತ್ತದೆ. ಬೂರ್ಜ್ವಾಳ ಹೊಲಿಗೆ ಮಾತ್ರ ಅಷ್ಟು ನಯವಲ್ಲ. ಬಟ್ಟೆಯ ಆ ತಲೆಗಳ ಹತ್ತಿರ ಹೋದರೆ ಕೆನ್ನೆಯ ಉದ್ದಕ್ಕೂ ದಪ್ಪ ದಾರದ ಹೊಲಿಗೆ, ಶಸ್ತ್ರಚಿಕಿತ್ಸೆ ಆದಲ್ಲಿನ ಹೊಲಿಗೆಯ ಹಾಗೆಯೇ, ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ರಫು ಮಾಡುತ್ತಿದ್ದವರ ಜಾಣತನ ಹೊಲಿಗೆ ಕಾಣದ ಹಾಗೆ ಮಾಡುವುದರಲ್ಲಿತ್ತು. ಮಗಳು ಅದೇ ಕಸುಬನ್ನು ಹಿಡಿದು, ಹೊಲಿಗೆ ಕಾಣಲೇಬೇಕೆಂದು ಹಟ ಹಿಡಿದಳು.

‘ಆಕಾಶದಲ್ಲಿ ದುರಸ್ತಿ’ ಎಂಬ 1999ರ ಒಂದು ಚಿಕ್ಕ ಕೃತಿ ಇದೆ. ಗೋಡೆಗೆ ತೂಗುವಂಥ ಕಪ್ಪು ಸೀಸದ ತಗಡು. ಅದರಲ್ಲಿ ಸೀಳುಗಳು, ಸೀಳಿನ ಅಂಚುಗಳು ಉಬ್ಬಿವೆ. ಒಳಗೆ ಬಟ್ಟೆ, ಅದನ್ನು ಹಿಡಿದ ದಾರ. ಸೀಸ ಮೆತ್ತಗಿನ ಲೋಹವಾದರೂ ಸೂಜಿಗೆ ಒಲಿಯುವ ವಸ್ತುವಲ್ಲ. ಲೋಹಕ್ಕೆ ಹೊಲಿಗೆ ಹಾಕಿದರೆ ಅದು ಬಿಗಿಯಾಗಿ ಕೂಡಿಕೊಳ್ಳುವುದೂ ಇಲ್ಲ. ಸೀಳು ಸೀಳಾಗಿಯೇ ಉಳಿದಿದೆ, ಬಟ್ಟೆ ಅಲ್ಲಿಗೆ ಬಂದು ನಿಂತಿದೆ ಅಷ್ಟೆ. ಟೋಕಿಯೊ ಪ್ರದರ್ಶನದ ಕೊನೆಯ ಭಾಗಕ್ಕೆ ಈ ಕೃತಿಯ ಹೆಸರನ್ನೇ ಇಟ್ಟಿದ್ದರು.

ಸೂಜಿ ದಾರದ ಮಾತು ಬಂದಾಗ ನಮ್ಮವರೇ ಒಬ್ಬರನ್ನು ನೆನೆಯದಿರಲಾರೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್. ಎಂ. ಹಡಪದರ ಬಳಿ ಕಲಿತ ಶೀಲಾ ಗೌಡ ಅವರು, ಮುಂಬಯಿಯ ಕೋಮುಗಲಭೆಗಳ ನಂತರದ ದಿನಗಳಲ್ಲಿ ತೈಲವರ್ಣ ಬಿಟ್ಟು ಸೆಗಣಿಯನ್ನು ಕೈಗೆತ್ತಿಕೊಂಡರು. 1998ರಿಂದ ಅವರು ಮಾಡಿದ ‘ನನ್ನ ನೋವನ್ನು ಅವನಿಗೆ ಹೇಳು’ ಎಂಬ ಕೃತಿಯಲ್ಲಿ ಉದ್ದುದ್ದ ದಾರಗಳು ಸೂಜಿಯ ಕಣ್ಣಿನಲ್ಲಿ ಹಾದು, ಅಂಟು ಕುಂಕುಮಗಳಿಂದ ಕೂಡಿ, ಕೆಂಪು ಹಗ್ಗವಾಗಿ ನೆಲ ಗೋಡೆಗಳ ಮೇಲೆ ಹರಿಯುತ್ತವೆ. ತುದಿಯಲ್ಲಿ ಸೂಜಿಗಳ ಗೊಂಚಲು. ಇಬ್ಬರೂ ಹೆಂಗಸರ ಮನೆಗೆಲಸದ ಸಾಮಾನನ್ನೇ ಶಿಲ್ಪಕ್ಕೆ ತಂದವರು. ಆದರೆ ಶೀಲಾ ಅವರ ದಾರ ಏನನ್ನೂ ಹೊಲಿಯುವುದಿಲ್ಲ. ಹೊಲಿಯಬಹುದಾಗಿದ್ದ ಅಷ್ಟೂ ದುಡಿಮೆ ನೋವಿನ ಭಾರವಾಗಿ ನೆಲದ ಮೇಲೆ ಸುರುಳಿ ಬಿದ್ದಿದೆ. ಬೂರ್ಜ್ವಾಳನ್ನು ಓದುವ ವಿದ್ಯಾರ್ಥಿಗಳು ಇದನ್ನು ಪಕ್ಕದಲ್ಲಿಟ್ಟುಕೊಂಡು ಓದಲಿ ಎಂಬುದು ನನ್ನ ಕೋರಿಕೆ. ನೋವಿಗೆ ದುರಸ್ತಿಯ ಭರವಸೆ ಕೊಡದೆಯೂ ಕಲೆ ಪ್ರಾಮಾಣಿಕವಾಗಿರಬಲ್ಲದು.

ಇನ್ನೊಂದು ಮಾತು ಉಳಿದಿದೆ. ಒಂಟಿಯಾಗಿ ತನ್ನ ನರಕವನ್ನು ಗೆದ್ದವಳು ಎಂದು ಬೂರ್ಜ್ವಾಳನ್ನು ಚಿತ್ರಿಸುವುದುಂಟು. ಆದರೆ ಆಕೆ ಒಂಟಿಯಾಗಿರಲಿಲ್ಲ. ಜೆರ್ರಿ ಗೊರೊವಾಯ್ 1980ರಿಂದ ಆಕೆಯ ಕೊನೆಯವರೆಗೆ ಜೊತೆಯಲ್ಲಿದ್ದ ಸಹಾಯಕ. ಕೆಲಸಕ್ಕೆ ಆತ ಬರುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ನಿದ್ದೆ ಬಾರದ ರಾತ್ರಿಗಳನ್ನು ಕಳೆಯುತ್ತಿದ್ದವಳಿಗೆ, ನಿದ್ರಾಹೀನತೆಯಲ್ಲೇ 220 ರೇಖಾಚಿತ್ರ ಬರೆದವಳಿಗೆ, ಹತ್ತು ಗಂಟೆ ಎಂದರೆ ಏನು ಎಂಬುದನ್ನು ನಾವು ಊಹಿಸಿಕೊಳ್ಳಬಹುದು. 2006ರಲ್ಲಿ ಆಕೆ ‘ನೀನು ನನ್ನ ಬಳಿಗೆ ಬರುವುದು 10 ಗಂಟೆಗೆ’ ಎಂಬ ಹೆಸರಿನಲ್ಲಿ, ಸಂಗೀತದ ಸ್ವರ ಬರೆಯುವ ಗೆರೆಯಿರುವ 20 ಹಾಳೆಗಳ ಮೇಲೆ ತನ್ನ ಕೈ ಮತ್ತು ಆತನ ಕೈಗಳನ್ನು ಕೆಂಪಿನಲ್ಲಿ ಬರೆದಳು. ಕೈಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ತಾಕುತ್ತವೆ, ದೂರ ಸರಿಯುತ್ತವೆ. ದುರಸ್ತಿಗೆ ಇನ್ನೊಬ್ಬರ ಕೈ ಬೇಕು, ಆ ಕೈ ದಿನವೂ ಹೊತ್ತಿಗೆ ಸರಿಯಾಗಿ ಬರಬೇಕು. ಮನನೊಂದವರ ಮನೆಯವರು ಈ ಸಭೆಯಲ್ಲಿದ್ದರೆ ಅವರಿಗೆ ಈ 20 ಹಾಳೆಗಳು ನನ್ನ ಉಪನ್ಯಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮತ್ತೆ ಟೋಕಿಯೊ ಪ್ರದರ್ಶನದ ಏರ್ಪಾಟಿನ ಬಗ್ಗೆ ನನ್ನ ತಕರಾರೊಂದನ್ನು ಹೇಳಬೇಕು. ಅದನ್ನು ಮೂರು ಅಧ್ಯಾಯ ಮಾಡಿದ್ದರು. ಮೊದಲನೆಯದು ‘ನನ್ನ ಕೈಬಿಡಬೇಡ’, ಎರಡನೆಯದು ‘ನರಕಕ್ಕೆ ಹೋಗಿ ಬಂದಿದ್ದೇನೆ’, ಮೂರನೆಯದು ‘ಆಕಾಶದಲ್ಲಿ ದುರಸ್ತಿ’. ಒಳಗೆ ಹೋದವರಿಗೆ ಇದು ಒಂದು ಪ್ರಯಾಣದಂತೆ ತೋರುತ್ತಿತ್ತು: ಅಮ್ಮ ಬಿಟ್ಟುಹೋದಾಳೆಂಬ ಭಯ, ನಡುವೆ ನರಕ, ಕೊನೆಗೆ ಸಮಾಧಾನ. ಪ್ರದರ್ಶನಕ್ಕೆ ಇಂಥ ದಾರಿ ಬೇಕಾಗುತ್ತದೆ, ಒಪ್ಪುತ್ತೇನೆ. ಕೃತಿಗಳ ಆಯ್ಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಇಸವಿಗಳು ಬೇರೆ ಕಥೆ ಹೇಳುತ್ತವೆ. ನರಕದ ಕರವಸ್ತ್ರ 1996ರದು. ಆಕಾಶಕ್ಕೆ ಹೊಲಿಗೆ ಬಿದ್ದದ್ದು 1999ರಲ್ಲಿ. ಅದಾಗಿ ಹತ್ತು ವರ್ಷದ ಮೇಲೆ, 2009 ಮತ್ತು 2010ರಲ್ಲಿ, ಆಕೆ ಬ್ರಿಟಿಷ್ ಕಲಾವಿದೆ ಟ್ರೇಸಿ ಎಮಿನ್ ಜೊತೆ ಸೇರಿ 16 ಚಿತ್ರಗಳ ಒಂದು ಮಾಲಿಕೆ ಮಾಡಿದಳು. ಹೆಣ್ಣಿನ ಗಂಡಿನ ಮುಂಡಗಳನ್ನು ಬೂರ್ಜ್ವಾ ನೀರು ನೀರಾದ ಕೆಂಪು, ನೀಲಿ, ಕಪ್ಪಿನಲ್ಲಿ ಹರಡಿದಳು. ಅವುಗಳ ಮೇಲೆ ಎಮಿನ್ ಪುಟ್ಟ ಮನುಷ್ಯಾಕೃತಿಗಳನ್ನೂ ತನ್ನ ಕೈಬರಹವನ್ನೂ ಸೇರಿಸಿದಳು. ಕೊನೆಗೆ ಅವು ಬಟ್ಟೆಯ ಮೇಲೆ ಮುದ್ರಣಗೊಂಡವು. 2010ರ ಮೇ 31ರಂದು ಬೂರ್ಜ್ವಾ ತೀರಿಕೊಂಡಳು, 98ನೆಯ ವಯಸ್ಸಿನಲ್ಲಿ. ಆ ಮಾಲಿಕೆ ಆಕೆಯ ಕೊನೆಯ ಕೆಲಸಗಳಲ್ಲೊಂದು, ಅದರ ಹೆಸರು ‘ನನ್ನ ಕೈಬಿಡಬೇಡ’.